ಮೀಟರ್ ಅವರ ಹತ್ತಿರ, ಬಿಲ್ ನಮ್ಮ ಹತ್ತಿರ

ಅಹಮದಾಬಾದಿನಲ್ಲಿ ಒಬ್ಬ ಗ್ರಾಹಕರು. ವೊಡಾಫೋನಿನ ಪೋಸ್ಟ್‌ಪೇಯ್ಡ್ ಮೊಬೈಲ್, ತಿಂಗಳ ಬಾಡಿಗೆ 249 ರೂಪಾಯಿ. ಅದೂ ಇದೂ ಸೇರಿ ತಿಂಗಳಿಗೆ ಸರಾಸರಿ 555 ರೂಪಾಯಿ ಬಿಲ್ ಬರ್ತಿತ್ತು. ಕಟ್ಟೋದು ಮರೆಯಬಾರದು ಅಂತ ಕ್ರೆಡಿಟ್ ಕಾರ್ಡಿಗೆ ಆಟೋ-ಪೇ ಹಾಕಿಸಿದ್ದರು. 2013ರ ನವೆಂಬರ್ 8ರಿಂದ ಡಿಸೆಂಬರ್ 7ರವರೆಗಿನ ಬಿಲ್ ಬಂತು ನೋಡಿ, 24,609 ರೂಪಾಯಿ 51 ಪೈಸೆ. ಆ ಐವತ್ತೊಂದು ಪೈಸೆಯನ್ನೂ ಬಿಟ್ಟಿರಲಿಲ್ಲ.

ಅವರು 2014ರ ಮೇ 25ರಂದು ಅಹಮದಾಬಾದಿನ ಜಿಲ್ಲಾ ಗ್ರಾಹಕರ ವೇದಿಕೆಗೆ ದೂರು ಕೊಟ್ಟರು. ಕೇಳಿದ ಪರಿಹಾರ 22,000 ರೂಪಾಯಿ ಮತ್ತು ಅದರ ಬಡ್ಡಿ. ಅಷ್ಟೇ ಆಗಿದ್ದರೆ ಇದನ್ನು ಬರೆಯೋ ಅಗತ್ಯ ಇರಲಿಲ್ಲ. ಬಿಲ್ ಸರಿಯೋ ತಪ್ಪೋ ಅನ್ನೋ ಮಾತಿಗೆ ಮುಂಚೆ ಕಂಪನಿ ಇನ್ನೊಂದು ಮಾತು ಎತ್ತಿತು. ಈ ದೂರನ್ನು ಕೇಳೋ ಅಧಿಕಾರವೇ ಗ್ರಾಹಕರ ವೇದಿಕೆಗೆ ಇಲ್ಲ, 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆಯ 7ಬಿ ಕಲಂ ಪ್ರಕಾರ ಇಂಥ ತಕರಾರು ಮಧ್ಯಸ್ಥಿಕೆಗೆ ಹೋಗಬೇಕು ಅಂತ. ಜಿಲ್ಲಾ ವೇದಿಕೆ ಈ ವಾದ ಒಪ್ಪಲಿಲ್ಲ. ರಾಜ್ಯ ಆಯೋಗ ಒಪ್ಪಲಿಲ್ಲ. ರಾಷ್ಟ್ರೀಯ ಆಯೋಗವೂ ಒಪ್ಪಲಿಲ್ಲ. ಕಂಪನಿ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ತೀರ್ಪು ಬಂದಿದ್ದು 2022ರ ಫೆಬ್ರವರಿ 16ಕ್ಕೆ. ಗ್ರಾಹಕರ ಪರವಾಗಿಯೇ ಬಂತು. ಆದರೆ ಆ ತೀರ್ಪು ಬಿಲ್ ತಪ್ಪು ಅಂತಲೂ ಹೇಳಲಿಲ್ಲ, ಸರಿ ಅಂತಲೂ ಹೇಳಲಿಲ್ಲ. ಅವರ ದೂರನ್ನು ಕೇಳಬಹುದು ಅಂತ ಹೇಳಿತು. ಒಂದು ಮೊಬೈಲ್ ಬಿಲ್ಲಿನ ಬಗ್ಗೆ ಬಾಯಿ ತೆಗೆಯೋಕೆ ಅನುಮತಿ ಸಿಗೋದಕ್ಕೆ ಏಳು ವರ್ಷ ಎಂಟು ತಿಂಗಳು!

ನಮ್ಮ ಕೆಲಸದ ಭಾಷೆಯಲ್ಲಿ ಹೇಳೋದಾದ್ರೆ, ಟಿಕೆಟ್ ರೈಸ್ ಮಾಡೋ ಪರ್ಮಿಶನ್ ಇದೆಯೋ ಇಲ್ಲವೋ ಅನ್ನೋದರ ಮೇಲೇ ಇಷ್ಟು ವರ್ಷ ಚರ್ಚೆ. ಟಿಕೆಟ್ ಇನ್ನೂ ಓಪನ್ನೇ ಆಗಿರಲಿಲ್ಲ.

ಮೊಬೈಲ್ ಬಿಲ್ಲಿಗೂ ಟೆಲಿಗ್ರಾಫ್ ಕಾಯ್ದೆಗೂ ಏನು ಸಂಬಂಧ ಅಂತ ಹುಡುಕುತ್ತಾ ಹೋದರೆ ನೂರಾ ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತೆ. 1885ರ ಕಾಯ್ದೆ ಬ್ರಿಟಿಷ್ ಸರ್ಕಾರದ್ದು. ತಂತಿ ಅವರದ್ದು, ಕಂಬ ಅವರದ್ದು, ನೌಕರರೂ ಅವರ ಕಡೆಯವರು. ಆ ಕಾಯ್ದೆಯ 9ನೇ ಕಲಂ ಓದಿದರೆ ಆ ಕಾಲದ ದರ್ಬಾರು ಗೊತ್ತಾಗುತ್ತೆ. ಸಂದೇಶ ತಗೊಳ್ಳೋದರಲ್ಲಿ, ಕಳಿಸೋದರಲ್ಲಿ, ತಲುಪಿಸೋದರಲ್ಲಿ ನೌಕರ ತನ್ನ ಕರ್ತವ್ಯ ತಪ್ಪಿ ಯಾರಿಗಾದರೂ ನಷ್ಟ ಆದರೆ ಅದಕ್ಕೆ ಸರ್ಕಾರ ಹೊಣೆಯಲ್ಲ. ಇವತ್ತಿನ ಆ್ಯಪುಗಳಲ್ಲಿ ನಾವು ಓದದೇ ಒಪ್ಪಿಕೊಳ್ಳೋ ಷರತ್ತುಗಳ ಮುತ್ತಾತ ಇದು.

ಸ್ವಾತಂತ್ರ್ಯ ಬಂತು, ಕಾಯ್ದೆ ಹಾಗೇ ಉಳಿಯಿತು. 1957ರಲ್ಲಿ ತಿದ್ದುಪಡಿ ಮಾಡಿ 7ಬಿ ಸೇರಿಸಿದರು. ಟೆಲಿಗ್ರಾಫ್ ಪ್ರಾಧಿಕಾರಕ್ಕೂ ಸೇವೆ ಪಡೆದವರಿಗೂ ತಂತಿಯ ಬಗ್ಗೆ, ಉಪಕರಣದ ಬಗ್ಗೆ ತಕರಾರು ಬಂದರೆ ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥ ತೀರ್ಮಾನ ಮಾಡ್ತಾನೆ, ಅವನು ಹೇಳಿದ್ದೇ ಕೊನೆ, ಯಾವ ಕೋರ್ಟಿನಲ್ಲೂ ಪ್ರಶ್ನೆ ಮಾಡೋ ಹಾಗಿಲ್ಲ ಅಂತ. ಫೋನ್ ಕೊಡೋದು ಕೇಂದ್ರ ಸರ್ಕಾರ, ಬಿಲ್ ಬರೆಯೋದು ಕೇಂದ್ರ ಸರ್ಕಾರ, ಜಗಳ ಬಂದರೆ ಪಂಚಾಯ್ತಿ ಮಾಡೋನನ್ನು ಕಳಿಸೋದೂ ಕೇಂದ್ರ ಸರ್ಕಾರ. ಆ ಮಧ್ಯಸ್ಥ ತನ್ನ ತೀರ್ಮಾನಕ್ಕೆ ಕಾರಣ ಕೊಡಬೇಕು ಅನ್ನೋದಕ್ಕೂ ಸುಪ್ರೀಂ ಕೋರ್ಟೇ ಬರಬೇಕಾಯಿತು, ಅದೂ 1996ರಲ್ಲಿ, ಎಂಟಿಎನ್‌ಎಲ್ ಗ್ರಾಹಕರೊಬ್ಬರ ಕೇಸಿನಲ್ಲಿ. ಮೇಲ್ಮನವಿಗೆ ಅವಕಾಶ ಇಲ್ಲದ ಮೇಲೆ ಕಾರಣವನ್ನಾದರೂ ಬರೆಯಿರಿ ಅಂತ ಕೋರ್ಟ್ ಹೇಳಿತು.

ಆ ಕಾಲದ ಲ್ಯಾಂಡ್‌ಲೈನಿನ ಜಗಳ ಏನಿತ್ತು ಅನ್ನೋದು ಇವತ್ತಿನ ಹುಡುಗರಿಗೆ ಊಹಿಸೋದು ಕಷ್ಟ. ಮನೆಯ ಕರೆಂಟಿಗೆ ಮೀಟರ್ ಗೋಡೆ ಮೇಲಿರುತ್ತೆ, ತಿರುಗೋದು ಕಣ್ಣಿಗೆ ಕಾಣುತ್ತೆ. ಫೋನಿನ ಮೀಟರ್ ಇರ್ತಿದ್ದದ್ದು ಎಕ್ಸ್‌ಚೇಂಜಿನೊಳಗೆ. ಎರಡು ತಿಂಗಳಿಗೊಮ್ಮೆ ಒಂದು ಚೀಟಿ ಬರೋದು, ಇಷ್ಟು ಕಾಲ್ ಆಗಿದೆ, ಇಷ್ಟು ಕಟ್ಟಿ ಅಂತ. ನಾನು ಇಷ್ಟು ಮಾತಾಡಿಲ್ಲ ಸ್ವಾಮಿ ಅಂದ್ರೆ, ಮಾತಾಡಿಲ್ಲ ಅನ್ನೋದಕ್ಕೆ ಸಾಕ್ಷಿ ಎಲ್ಲಿಂದ ತರೋದು? ಆಡಿದ ಮಾತಿಗೆ ಸಾಕ್ಷಿ ಸಿಗಬಹುದು, ಆಡದ ಮಾತಿಗೆ ಯಾರು ಸಾಕ್ಷಿ ಹೇಳ್ತಾರೆ? ಎಸ್‌ಟಿಡಿ ಬಂದ ಮೇಲಂತೂ ಫೋನಿಗೆ ಪುಟ್ಟ ಬೀಗ ಹಾಕೋ ಮನೆಗಳು ಇದ್ದವು, ಡಯಲ್ ತಿರುಗಬಾರದು ಅಂತ.

ನಮ್ಮೂರು ಅರಸೀಕೆರೆ ಕಡೆ. ಊರಿಗೆ ಫೋನ್ ಬಂದಾಗ ನಾನು ಪ್ರೈಮರಿ ಸ್ಕೂಲು. ಹಳ್ಳಿಗಳಿಗೆ ಫೋನ್ ಬಂದ ಕಥೆಗೆ ಕರ್ನಾಟಕದಲ್ಲೇ ಒಂದು ಮುಖ್ಯವಾದ ಜಾಗ ಇದೆ, ರಾಣಿ ಚೆನ್ನಮ್ಮನ ಕಿತ್ತೂರು. 1984ರಲ್ಲಿ ಶುರುವಾದ ಸಿ-ಡಾಟ್ ಸಂಸ್ಥೆ, ಸ್ಯಾಮ್ ಪಿತ್ರೋಡಾ ಹಿಂದೆ ನಿಂತು ಕಟ್ಟಿಸಿದ್ದು, ನಮ್ಮ ಧೂಳು ಬಿಸಿಲಿಗೆ ಎಸಿ ಇಲ್ಲದೇ ಓಡೋ 128 ಲೈನಿನ ಪುಟ್ಟ ಗ್ರಾಮೀಣ ಎಕ್ಸ್‌ಚೇಂಜ್ ಮಾಡಿತು. 1986ರಲ್ಲಿ ಅದನ್ನು ಮೊದಲು ಕೂರಿಸಿದ್ದು ಕಿತ್ತೂರಿನಲ್ಲಿ. ನಮ್ಮೂರಿನ ಲೈನ್‌ಮನ್ ನನಗೆ ಇನ್ನೂ ಕಣ್ಣಮುಂದಿದ್ದಾರೆ. ಮಳೆ ಬಂದು ಫೋನ್ ಡೆಡ್ ಆದರೆ ಅಪ್ಪ ಅವರ ಮನೆ ಹತ್ರಾನೇ ಹೋಗಿ ಹೇಳೋರು. ಸಂಜೆ ಹೊತ್ತಿಗೆ ಅವರು ಸೈಕಲ್ಲಿಗೆ ವೈರಿನ ಸುರುಳಿ ನೇತುಹಾಕಿಕೊಂಡು ಬರೋರು, ಕಂಬ ಹತ್ತೋರು, ಅಮ್ಮ ಕಾಫಿ ಕೊಡೋಳು. ತಡ ಆದರೆ ಸಂತೆಯಲ್ಲಿ ಯಾರಾದರೂ ಅವರನ್ನು ನಿಲ್ಲಿಸಿ ಕೇಳೇ ಕೇಳೋರು. ಅದನ್ನು ವ್ಯವಸ್ಥೆ ಅಂತ ಕರೆಯೋಕಾಗಲ್ಲ. ಆ ಮನುಷ್ಯ ಒಳ್ಳೆಯವರಾಗಿದ್ದರು, ಊರಿನವರೇ ಆಗಿದ್ದರು, ಅದಕ್ಕೆ ನಡೀತಿತ್ತು. ಪಕ್ಕದೂರಿನ ಅದೃಷ್ಟ ಹೇಗಿತ್ತೋ.

ಕಿತ್ತೂರಿಗೆ ಎಕ್ಸ್‌ಚೇಂಜ್ ಬಂದ ಅದೇ 1986ರಲ್ಲಿ ಸಂಸತ್ತು ಗ್ರಾಹಕರ ಸಂರಕ್ಷಣಾ ಕಾಯ್ದೆ ಮಾಡಿತು. ವಕೀಲರಿಲ್ಲದೇ ಸಾಮಾನ್ಯ ಮನುಷ್ಯ ಹೋಗಿ ದೂರು ಕೊಡಬಹುದಾದ ಜಿಲ್ಲಾ ವೇದಿಕೆ, ಅದರ ಮೇಲೆ ರಾಜ್ಯ, ರಾಷ್ಟ್ರೀಯ ಆಯೋಗಗಳು. ಆ ಕಾಯ್ದೆಯ 3ನೇ ಕಲಂ ಬಹಳ ಮುಖ್ಯ. ಬೇರೆ ಕಾನೂನುಗಳಲ್ಲಿ ಏನು ದಾರಿ ಇದೆಯೋ ಅದರ ಜೊತೆಗೆ ಇದೂ ಒಂದು ದಾರಿ, ಅದನ್ನು ಕಿತ್ತುಕೊಳ್ಳೋಕಲ್ಲ ಅಂತ ಅದು ಹೇಳುತ್ತೆ. ಫೋನಿನ ದೂರುಗಳೂ ಈ ವೇದಿಕೆಗಳಿಗೆ ಬರತೊಡಗಿದವು. ಸರ್ಕಾರಿ ಸಂಸ್ಥೆಗಳೂ ಈ ಕಾಯ್ದೆಗೆ ಉತ್ತರ ಕೊಡಲೇಬೇಕು ಅಂತ 1993ರಲ್ಲಿ ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಗಟ್ಟಿಯಾಗಿ ಹೇಳಿತು.

ಆಮೇಲಿನ ಕಥೆ ವೇಗದ್ದು. 1995ರ ಜುಲೈ 31ಕ್ಕೆ ಜ್ಯೋತಿ ಬಸು ಕಲ್ಕತ್ತಾದಿಂದ ದೆಹಲಿಯಲ್ಲಿದ್ದ ಸುಖ್ ರಾಮ್‌ಗೆ ಮೊಬೈಲ್ ಕರೆ ಮಾಡಿದರು. ಎರಡೇ ವಾರದಲ್ಲಿ, ಆಗಸ್ಟ್ 15ಕ್ಕೆ, ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತು. ಖಾಸಗಿ ಕಂಪನಿಗಳು ಬಂದವು. ಆಟ ಆಡೋರು ಬೇರೆ, ಅಂಪೈರ್ ಬೇರೆ ಇರಬೇಕು ಅಂತ 1997ರಲ್ಲಿ ಟ್ರಾಯ್ ಹುಟ್ಟಿತು, 2000ದಲ್ಲಿ ಟಿಡಿಸ್ಯಾಟ್ ನ್ಯಾಯಮಂಡಳಿ ಬಂತು, ಅದೇ ವರ್ಷ ಅಕ್ಟೋಬರಿನಲ್ಲಿ ಇಲಾಖೆಯ ಫೋನುಗಳು ಬಿಎಸ್‌ಎನ್‌ಎಲ್ ಕೈಗೆ ಹೋದವು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಟ್ರಾಯ್ ಇದೆಯಲ್ಲ, ಅಲ್ಲಿಗೆ ದೂರು ಕೊಟ್ಟರೆ ಆಯ್ತು ಅಂತ ನನ್ನ ಆಫೀಸಿನ ಅರ್ಧ ಜನ ಇವತ್ತಿಗೂ ಅಂದುಕೊಂಡಿದ್ದಾರೆ. ಟ್ರಾಯ್ ಒಬ್ಬೊಬ್ಬರ ದೂರು ವಿಚಾರಣೆ ಮಾಡಲ್ಲ. ಅದು ನಿಯಮ ಬರೆಯುತ್ತೆ. ಟಿಡಿಸ್ಯಾಟ್ ಗ್ರಾಹಕರ ಗುಂಪಿನ ತಕರಾರು ಕೇಳುತ್ತೆ. ಒಬ್ಬ ಗ್ರಾಹಕ ಗ್ರಾಹಕರ ವೇದಿಕೆಗೆ ಒಯ್ಯಬಹುದಾದ ದೂರನ್ನು ಕೇಳೋ ಅಧಿಕಾರ ಅದಕ್ಕಿಲ್ಲ ಅಂತ ಟ್ರಾಯ್ ಕಾಯ್ದೆಯ 14ನೇ ಕಲಂ ಸ್ಪಷ್ಟವಾಗಿ ಹೇಳುತ್ತೆ. ಅಂದರೆ ಒಂಟಿ ಗ್ರಾಹಕನಿಗೆ ಕಂಪನಿಯ ಹೊರಗೆ, ಕೈಗೆಟಕುವ ಹಾಗೆ ಇದ್ದ ಬಾಗಿಲು ಗ್ರಾಹಕರ ವೇದಿಕೆ.

2009ರ ಸೆಪ್ಟೆಂಬರ್ 1ರಂದು ಆ ಬಾಗಿಲೂ ಮುಚ್ಚಿತು.

ಕೇರಳದ ಕೋಯಿಕ್ಕೋಡಿನ ಒಬ್ಬರ ಲ್ಯಾಂಡ್‌ಲೈನನ್ನು ಬಿಲ್ ಕಟ್ಟಿಲ್ಲ ಅಂತ ಕಡಿದಿದ್ದರು. ಅಲ್ಲಿನ ವೇದಿಕೆ 2001ರಲ್ಲೇ ಸಂಪರ್ಕ ವಾಪಸ್ ಕೊಡಿ, 5,000 ರೂಪಾಯಿ ಪರಿಹಾರ ಕೊಡಿ ಅಂತ ಆದೇಶ ಮಾಡಿತ್ತು. ಐದು ಸಾವಿರಕ್ಕಾಗಿ ಕೇಸು ದೆಹಲಿ ತನಕ ಹೋಯಿತು. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ, ಟೆಲಿಗ್ರಾಫ್ ಕಾಯ್ದೆಯಲ್ಲಿ 7ಬಿ ಅನ್ನೋ ವಿಶೇಷ ಪರಿಹಾರ ಇರೋವಾಗ ಗ್ರಾಹಕರ ಕಾಯ್ದೆಯ ದಾರಿ ಇಲ್ಲ ಅಂದುಬಿಟ್ಟಿತು. ತೀರ್ಪು ಕೆಲವೇ ಪುಟದ್ದು. 1957ರಲ್ಲಿ ಬರೆದ ಒಂದು ಕಲಂ 2009ರ ಕೋಟ್ಯಂತರ ಸಿಮ್ ಕಾರ್ಡುಗಳ ಮೇಲೆ ಕೂತಿತು.

7ಬಿಯಲ್ಲಿ ಇರೋ ಪದ 'ಟೆಲಿಗ್ರಾಫ್ ಪ್ರಾಧಿಕಾರ'. ಕೋಯಿಕ್ಕೋಡಿನ ಕೇಸಿನಲ್ಲಿ ಎದುರಿಗಿದ್ದದ್ದು ಸರ್ಕಾರದ ಕಡೆಯವರು, ಆ ಪದ ಹೇಗೋ ಹೊಂದುತ್ತೆ ಅನ್ನೋಣ. ಖಾಸಗಿ ಮೊಬೈಲ್ ಕಂಪನಿ ಯಾವಾಗ ಟೆಲಿಗ್ರಾಫ್ ಪ್ರಾಧಿಕಾರ ಆಯ್ತು? ಆಗಿರಲಿಲ್ಲ. ಆದರೂ ಕಂಪನಿಗಳ ವಕೀಲರಿಗೆ ಈ ತೀರ್ಪು ಕೈಗೆ ಸಿಕ್ಕ ಕೊಡೆ ಆಯಿತು, ಮಳೆ ಬಂದಾಗೆಲ್ಲ ಬಿಚ್ಚಿದರು. ಸರ್ಕಾರಕ್ಕೆ ಇದು ಗೊತ್ತಿರಲಿಲ್ಲ ಅಂತಲ್ಲ. 2012ರ ರಾಷ್ಟ್ರೀಯ ಟೆಲಿಕಾಂ ನೀತಿಯಲ್ಲಿ, ಈ ತಕರಾರುಗಳನ್ನು ಗ್ರಾಹಕರ ವೇದಿಕೆಗಳ ವ್ಯಾಪ್ತಿಗೆ ತರೋಕೆ ಕಾನೂನು ಮಾಡ್ತೀವಿ ಅಂತ ಬರೆದಿದ್ದರು. ಮಾಡಲಿಲ್ಲ. 2014ರ ಜನವರಿ 24ರಂದು ಟೆಲಿಕಾಂ ಇಲಾಖೆಯೇ ಪತ್ರ ಬರೆದು, ಖಾಸಗಿ ಕಂಪನಿಗಳು ಟೆಲಿಗ್ರಾಫ್ ಪ್ರಾಧಿಕಾರ ಅಲ್ಲ, ಅವರ ಮೇಲಿನ ದೂರುಗಳಿಗೆ ಆ ತೀರ್ಪು ಅನ್ವಯ ಆಗಲ್ಲ ಅಂತ ತಿಳಿಸಿತು. ಅದಾದ ನಾಲ್ಕು ತಿಂಗಳಿಗೆ ಅಹಮದಾಬಾದಿನವರು ದೂರು ಕೊಟ್ಟರು, ಆ ಕೊಡೆ ಮತ್ತೆ ಬಿಚ್ಚಿತು. ಈ ಮಧ್ಯೆ 2013ರ ಜುಲೈನಲ್ಲಿ ಟೆಲಿಗ್ರಾಂ ಸೇವೆಯೇ ನಿಂತುಹೋಗಿತ್ತು. ತಂತಿ ಸತ್ತಿತ್ತು, ತಂತಿಯ ಕಾಯ್ದೆ ಮೊಬೈಲ್ ಬಿಲ್ ಕಾಯ್ತಾ ಇತ್ತು.

ಹಾಗಾದರೆ ಬಾಗಿಲು ಮುಚ್ಚಿದ್ದ ಆ ವರ್ಷಗಳಲ್ಲಿ ಗ್ರಾಹಕ ಎಲ್ಲಿಗೆ ಹೋಗಬೇಕಿತ್ತು? ಕಂಪನಿಯ ಹತ್ತಿರಕ್ಕೇ. ಟ್ರಾಯ್ 2007ರಲ್ಲಿ ಮೂರು ಮೆಟ್ಟಿಲಿನ ವ್ಯವಸ್ಥೆ ಮಾಡಿತ್ತು, 2012ರಲ್ಲಿ ಅದನ್ನು ಎರಡು ಮಾಡಿತು. ಮೊದಲು ಕಂಪನಿಯ ದೂರು ಕೇಂದ್ರ. ಅಲ್ಲಿ ಆಗದಿದ್ದರೆ ಕಂಪನಿಯೇ ನೇಮಿಸಿದ ಮೇಲ್ಮನವಿ ಅಧಿಕಾರಿ, 39 ದಿನದಲ್ಲಿ ತೀರ್ಮಾನ ಆಗಬೇಕು. ಸಲಹೆ ಕೊಡೋಕೆ ಇಬ್ಬರ ಸಮಿತಿ, ಅದರಲ್ಲಿ ಒಬ್ಬರು ಗ್ರಾಹಕರ ಸಂಘಟನೆಯವರು, ಒಬ್ಬರು ಕಂಪನಿಯವರು. ಇಲ್ಲದೇ ಇರೋದಕ್ಕಿಂತ ಇದು ವಾಸಿ, ನಾನು ಒಪ್ತೀನಿ. ಆದರೆ ಕೋಡ್ ಬರೆದವನೇ ಟೆಸ್ಟ್ ಮಾಡಿ, ಅವನೇ ಸೈನ್-ಆಫ್ ಕೊಟ್ಟರೆ ಏನಾಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ನನ್ನ ಬಾಡಿಗೆ ಮನೆಯ ಬ್ರಾಡ್‌ಬ್ಯಾಂಡ್ ಒಂದು ಸಲ ನಾಲ್ಕು ದಿನ ಕೈಕೊಟ್ಟಿತ್ತು, ಕಂಪನಿ ಹೆಸರು ಬೇಡ. ದಿನಾ ಬೆಳಗ್ಗೆ ದೂರು ಕೊಡ್ತಿದ್ದೆ, ದಿನಾ ಮಧ್ಯಾಹ್ನ 'ನಿಮ್ಮ ದೂರು ಪರಿಹಾರವಾಗಿದೆ' ಅಂತ ಮೆಸೇಜ್ ಬರೋದು. ಆ ಮೆಸೇಜ್ ಓದೋಕೂ ಮೊಬೈಲ್ ಡೇಟಾ ಬೇಕಿರಲಿಲ್ಲವಲ್ಲ, ಅಷ್ಟೇ ಪುಣ್ಯ. ಅವರ ಲೆಕ್ಕದಲ್ಲಿ ನಾಲ್ಕು ದೂರು, ನಾಲ್ಕಕ್ಕೂ ಅದೇ ದಿನ ಪರಿಹಾರ. ಕಾಗದದ ಮೇಲೆ ಅಪ್ಪಟ ಚಿನ್ನದಂಥ ಸೇವೆ.

ಹೊರಗಿನವರೊಬ್ಬರು, ಅಂದರೆ ಬ್ಯಾಂಕುಗಳಿಗೆ ಇರೋ ಹಾಗೆ ಟೆಲಿಕಾಂಗೂ ಒಬ್ಬ ಓಂಬುಡ್ಸ್‌ಮನ್ ಬೇಕು ಅಂತ ಟ್ರಾಯ್ 2004ರಲ್ಲೇ ಸರ್ಕಾರಕ್ಕೆ ಶಿಫಾರಸು ಮಾಡಿತ್ತು. 2017ರಲ್ಲಿ ಮತ್ತೆ ಮಾಡಿತು. ಓಂಬುಡ್ಸ್‌ಮನ್ ಬರಲಿಲ್ಲ.

ಪ್ರಿಪೇಯ್ಡ್ ಬಂದ ಮೇಲೆ ಸಮಸ್ಯೆಯ ರೂಪವೂ ಬದಲಾಯಿತು. ಪೋಸ್ಟ್‌ಪೇಯ್ಡಿನಲ್ಲಿ ಬಿಲ್ ಅನ್ನೋ ಒಂದು ಕಾಗದವಾದರೂ ಕೈಗೆ ಬರುತ್ತೆ, ಕಟ್ಟಲ್ಲ ಅಂತ ಹಟ ಹಿಡಿಯಬಹುದು. ಪ್ರಿಪೇಯ್ಡಿನಲ್ಲಿ ದುಡ್ಡು ಮೊದಲೇ ಅವರ ಹತ್ತಿರ ಇರುತ್ತೆ. ಕಾಲರ್ ಟ್ಯೂನು, ಜ್ಯೋತಿಷ್ಯ, ಕ್ರಿಕೆಟ್ ಸ್ಕೋರು ಅಂತ ಕೇಳದೇ ಶುರುವಾಗಿ ಬ್ಯಾಲೆನ್ಸ್ ಕರಗಿದ್ದು ನಮ್ಮ ಕಾಲೇಜು ದಿನಗಳಲ್ಲಿ ಯಾರಿಗೆ ಆಗಿಲ್ಲ ಹೇಳಿ. ಊರಲ್ಲಿ ಇದನ್ನು 'ಫೋನು ದುಡ್ಡು ತಿಂತು' ಅನ್ನೋರು, ಎಮ್ಮೆ ಹುಲ್ಲು ತಿಂತು ಅನ್ನೋ ಹಾಗೆ, ತಿಂದದ್ದು ಫೋನೇ ಏನೋ ಅನ್ನೋ ಥರ. ಟ್ರಾಯ್ 2011ರ ಜುಲೈನಲ್ಲಿ, ಆಮೇಲೆ 2013ರ ಜುಲೈನಲ್ಲಿ ನಿರ್ದೇಶನ ಕೊಟ್ಟು, ಇಂಥ ಸೇವೆ ಶುರು ಮಾಡೋ ಮುಂಚೆ ಗ್ರಾಹಕನಿಂದ ಎರಡು ಸಲ ಒಪ್ಪಿಗೆ ತಗೋಬೇಕು ಅಂದಿತು. ನಿಲ್ಲಿಸೋಕೆ 155223 ಅನ್ನೋ ಒಂದೇ ನಂಬರ್ ಬಂತು. ಪ್ರಿಪೇಯ್ಡಿನವರು ಕೂಡ ತಮ್ಮ ಬಳಕೆಯ ವಿವರವಾದ ಪಟ್ಟಿ ಕೇಳಬಹುದು, ಅದಕ್ಕೆ 50 ರೂಪಾಯಿಗಿಂತ ಹೆಚ್ಚು ತಗೋಬಾರದು ಅಂತ 2012ರಲ್ಲಿ ನಿಯಮ ಆಯಿತು. ನನ್ನ ಪ್ರಕಾರ ಈ ಇಡೀ ಇತಿಹಾಸದಲ್ಲಿ ಯಾರೂ ಮಾತಾಡದ, ಆದರೆ ತುಂಬಾ ದೊಡ್ಡ ಹೆಜ್ಜೆ ಅದು. ಎಕ್ಸ್‌ಚೇಂಜಿನೊಳಗಿದ್ದ ಮೀಟರನ್ನು ಒಂದು ಸಲ ಕಿಟಕಿಯಿಂದಾದರೂ ನೋಡೋ ಹಕ್ಕು.

ಕಾಲ್ ಡ್ರಾಪ್ ಗಲಾಟೆ ನಿಮಗೆ ನೆನಪಿರಬಹುದು. ಮಾತಿನ ಮಧ್ಯೆ ಕರೆ ಕಡಿದುಹೋದರೆ ಕರೆ ಮಾಡಿದವರ ಖಾತೆಗೆ ಒಂದು ರೂಪಾಯಿ ಹಾಕಬೇಕು, ದಿನಕ್ಕೆ ಹೆಚ್ಚೆಂದರೆ ಮೂರು ಅಂತ 2015ರ ಅಕ್ಟೋಬರ್ 16ರಂದು ಟ್ರಾಯ್ ನಿಯಮ ಹೊರಡಿಸಿತು, 2016ರ ಜನವರಿ 1ರಿಂದ ಜಾರಿ ಅಂತ. ಕಂಪನಿಗಳು ದೆಹಲಿ ಹೈಕೋರ್ಟಿನಲ್ಲಿ ಸೋತವು, ಸುಪ್ರೀಂ ಕೋರ್ಟಿನಲ್ಲಿ ಗೆದ್ದವು. 2016ರ ಮೇ 11ರಂದು ಆ ನಿಯಮ ಬಿದ್ದುಹೋಯಿತು. ತೀರ್ಪನ್ನು ಓದಿದರೆ ಬೈಯೋಕೆ ಮನಸ್ಸು ಬರಲ್ಲ. ಶೇಕಡಾ 2ರಷ್ಟು ಕರೆ ಕಡಿದರೆ ಪರವಾಗಿಲ್ಲ ಅಂತ ಟ್ರಾಯ್‌ನದೇ ಇನ್ನೊಂದು ನಿಯಮ ಹೇಳುತ್ತಿತ್ತು. ಆ ಮಿತಿಯೊಳಗೆ ಇದ್ದವನಿಗೂ ದಂಡ ಹಾಕೋದು ಹೇಗೆ? ಕರೆ ಕಡಿಯೋದಕ್ಕೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಲ ಗ್ರಾಹಕನ ಕಡೆಯ ಕಾರಣವೇ ಇರುತ್ತೆ ಅಂತ ಟ್ರಾಯ್‌ನದೇ ತಾಂತ್ರಿಕ ವರದಿ ಹೇಳಿತ್ತು. ಒಳ್ಳೇ ಉದ್ದೇಶ, ಕೆಟ್ಟ ಡಿಸೈನು. ನಿಯಮ ಮಾಡೋ ಮುಂಚೆ ಜನರ ಅಭಿಪ್ರಾಯ ಕೇಳಿ, ಬಂದ ಅಭಿಪ್ರಾಯಕ್ಕೆ ಕಾರಣ ಸಮೇತ ಉತ್ತರ ಕೊಡಬೇಕು ಅಂತ ಒಂದು ಕಾನೂನು ಮಾಡೋದನ್ನು ಸಂಸತ್ತು ಯೋಚಿಸಲಿ ಅಂತಲೂ ಆ ತೀರ್ಪು ಹೇಳಿತು.

ಜನ ಅಭಿಪ್ರಾಯ ಹೇಳಲ್ಲ ಅನ್ನೋ ಹಾಗೂ ಇಲ್ಲ. 2015ರ ಮಾರ್ಚಿನಲ್ಲಿ ಟ್ರಾಯ್ ಚರ್ಚಾಪತ್ರ ಹೊರಡಿಸಿದಾಗ ನೆಟ್ ನ್ಯೂಟ್ರಾಲಿಟಿ ಪರವಾಗಿ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. ಟ್ರಾಯ್ ಅಷ್ಟನ್ನೂ ಇಮೇಲ್ ವಿಳಾಸದ ಸಮೇತ ಪ್ರಕಟ ಮಾಡಿ ಇನ್ನೊಂದು ಗಲಾಟೆ ಮಾಡಿಕೊಂಡಿತು, ಅದು ಬಿಡಿ. 2016ರ ಫೆಬ್ರವರಿ 8ಕ್ಕೆ, ಒಂದೊಂದು ವೆಬ್‌ಸೈಟಿಗೆ ಒಂದೊಂದು ದರ ಹಾಕೋ ಹಾಗಿಲ್ಲ ಅಂತ ನಿಯಮ ಬಂತು. ಹತ್ತು ಲಕ್ಷ ಜನ ಒಟ್ಟಿಗೆ ಕೇಳಿದಾಗ ಒಂದು ವರ್ಷದೊಳಗೆ ಉತ್ತರ ಸಿಕ್ಕಿತು. ಅದೇ ಹೊತ್ತಿಗೆ ಅಹಮದಾಬಾದಿನ ಒಬ್ಬರು ಒಬ್ಬರೇ ಕಾಯುತ್ತಿದ್ದರು.

2022ರ ತೀರ್ಪಿಗೆ ಬರೋಣ. ಮೂವರು ನ್ಯಾಯಮೂರ್ತಿಗಳ ಪೀಠ, ಬರೆದವರು ಡಿ.ವೈ. ಚಂದ್ರಚೂಡ್. ಅಷ್ಟರಲ್ಲಿ 2019ರ ಹೊಸ ಗ್ರಾಹಕರ ಕಾಯ್ದೆ ಬಂದಿತ್ತು, ಅದರಲ್ಲಿ 'ಸೇವೆ' ಅನ್ನೋದರ ವ್ಯಾಖ್ಯೆಯೊಳಗೆ ಟೆಲಿಕಾಂ ಅನ್ನೋ ಪದ ಸೇರಿತ್ತು. ಕಂಪನಿ ಅದನ್ನೇ ತಿರುಗಿಸಿ, ನೋಡಿ, ಹಳೇ ಕಾಯ್ದೆಯಲ್ಲಿ ಆ ಪದ ಇರಲಿಲ್ಲ, ಅಂದರೆ ಆಗ ನಾವು ಅದರೊಳಗೆ ಇರಲಿಲ್ಲ ಅಂತ ವಾದ ಮಾಡಿತು. ಜಾಣ ವಾದವೇ. ಕೋರ್ಟ್ ಒಪ್ಪಲಿಲ್ಲ. ಸೇವೆ ಅಂದರೆ ಮೊದಲಿಂದಲೂ ಎಲ್ಲ ಸೇವೆ, ಪಟ್ಟಿಯಲ್ಲಿ ಇರೋವು ಉದಾಹರಣೆ ಮಾತ್ರ. ಮಧ್ಯಸ್ಥಿಕೆಗೆ ಹೋಗೋದು ಗ್ರಾಹಕನ ಇಷ್ಟ, ಹೋಗಲೇಬೇಕು ಅನ್ನೋ ಬಲವಂತ ಕಾನೂನಿನಲ್ಲಿ ಇಲ್ಲ. 2009ರಲ್ಲಿ ಮುಚ್ಚಿದ ಬಾಗಿಲು ಹನ್ನೆರಡೂವರೆ ವರ್ಷದ ಮೇಲೆ ತೆರೆಯಿತು. 2023ರ ಟೆಲಿಕಮ್ಯುನಿಕೇಶನ್ಸ್ ಕಾಯ್ದೆಯ 30ನೇ ಕಲಂ ಇದನ್ನು ಇನ್ನಷ್ಟು ಭದ್ರ ಮಾಡಿದೆ. ದೂರುಗಳಿಗೆ ಆನ್‌ಲೈನ್ ವ್ಯವಸ್ಥೆ ಮಾಡಬೇಕು ಅಂತ ಹೇಳಿ, ಅದರಿಂದ ಗ್ರಾಹಕರ ಕಾಯ್ದೆಯ ಹಕ್ಕಿಗೆ ಧಕ್ಕೆ ಇಲ್ಲ ಅಂತ ಬಿಡಿಸಿ ಬರೆದಿದೆ. ಈಗ ದೂರನ್ನು ಮನೆಯಿಂದಲೇ ಆನ್‌ಲೈನಿನಲ್ಲಿ ಹಾಕಬಹುದು, ನೀವಿರೋ ಜಿಲ್ಲೆಯಲ್ಲೇ ಹಾಕಬಹುದು. 5 ಲಕ್ಷ ರೂಪಾಯಿ ತನಕದ ವ್ಯವಹಾರಕ್ಕೆ ಶುಲ್ಕವೂ ಇಲ್ಲ.

ಮೀಟರ್ ಮಾತ್ರ ಇನ್ನೂ ಹಳೇ ಜಾಗದಲ್ಲೇ ಇದೆ. 2024ರ ಆಗಸ್ಟಿನಲ್ಲಿ ಟ್ರಾಯ್ ಸೇವಾ ಗುಣಮಟ್ಟದ ಹೊಸ ನಿಯಮ ತಂದಿತು. ಒಂದು ಜಿಲ್ಲೆಯಲ್ಲಿ ನೆಟ್‌ವರ್ಕ್ 24 ಗಂಟೆಗಿಂತ ಹೆಚ್ಚು ಹೊತ್ತು ಕೆಟ್ಟರೆ ಪೋಸ್ಟ್‌ಪೇಯ್ಡಿನವರಿಗೆ ಬಾಡಿಗೆಯಲ್ಲಿ ರಿಯಾಯಿತಿ, ಪ್ರಿಪೇಯ್ಡಿನವರಿಗೆ ವ್ಯಾಲಿಡಿಟಿ ವಿಸ್ತರಣೆ ಕೊಡಬೇಕು, 2025ರ ಏಪ್ರಿಲ್ 1ರಿಂದ. ನಮ್ಮೂರಿನಂಥ ಕಡೆ ಇದು ಸಣ್ಣ ವಿಷಯವಲ್ಲ. ಅಂಥ ನೆಟ್‌ವರ್ಕ್ ಕೆಟ್ಟಿದ್ದನ್ನು 24 ಗಂಟೆಯೊಳಗೆ ಟ್ರಾಯ್‌ಗೆ ತಿಳಿಸಬೇಕು ಅಂತಲೂ ನಿಯಮದಲ್ಲಿದೆ. ತಿಳಿಸಬೇಕಾದವರು ಕಂಪನಿಯವರು.